ಹಾಲಿನ ಕವರಿನ ಮೂಲೆ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಸದ್ದು ಸುಪ್ರಭಾತದ್ದಲ್ಲ, ಕತ್ತರಿಯದು. ಐದೂವರೆಗೆ ಗೇಟಿಗೆ ನೇತುಹಾಕಿದ ಚೀಲದಲ್ಲಿ ಹಾಲಿನ ಕವರುಗಳು ಬಂದು ಬೀಳುತ್ತವೆ. ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮನೆಗೆಲಸದಲ್ಲಿ ತಾವಾಗಿಯೇ ವಹಿಸಿಕೊಂಡದ್ದು ಇದೊಂದನ್ನೇ: ಹಾಲು ಕಾಯಿಸುವುದು. ಕವರನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಕತ್ತರಿಯಿಂದ ಮೂಲೆಯನ್ನು ಕಚಕ್ಕನೆ ಕತ್ತರಿಸುತ್ತಿದ್ದರು. ಗಣೇಶನಿಗೆ ಮಾಡಿಟ್ಟ ಕರ್ಜಿಕಾಯಿಯ ತುದಿಯಷ್ಟು ದೊಡ್ಡ ಒಂದು ತ್ರಿಕೋನದ ಚೂರು ಸಿಂಕಿಗೆ ಬೀಳುತ್ತಿತ್ತು. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತಿತ್ತೆಂದು ಅವರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಅದು ಎಲ್ಲಿಗೆ ಹೋಗುತ್ತಿತ್ತೆಂದು ತಿಳಿದದ್ದು ಹಿತ್ತಿಲು ಅಗೆದಾಗ. ಅಡಿಗೆಮನೆಯ ಸಿಪ್ಪೆ ಸೊಪ್ಪು ಹಾಕಲು ಒಂದು ಗೊಬ್ಬರದ ಗುಂಡಿ ಬೇಕೆಂದು, ಪಾತ್ರೆ ತೊಳೆದ ನೀರು ಹರಿದುಹೋಗುವ ಬಾಳೆಗಿಡದ ಬುಡದ ಪಕ್ಕ ಗುದ್ದಲಿ ಹಾಕಿಸಿದೆ. ಒಂದಡಿ ಮಣ್ಣು ಮೇಲೆ ಬಂತು ನೋಡಿ, ಅದರ ತುಂಬ ತ್ರಿಕೋನಗಳು. ನೀಲಿ, ಕಿತ್ತಳೆ, ಹಸಿರು. ಕೆಲವು ಮಣ್ಣು ಕೊಡವಿದರೆ ನಿನ್ನೆ ಕತ್ತರಿಸಿದ ಹಾಗಿದ್ದವು. ಆ ಮನೆಗೆ ನಾವು ಬಂದು ಇಪ್ಪತ್ತೆರಡು ವರ್ಷ. ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹರಪ್ಪ, ಮೊಹೆಂಜೊದಾರೊ ಪಾಠ ಮಾಡುತ್ತ, ಮಡಕೆಯ ಚೂರುಗಳಿಂದ ಆ ಜನ ಏನು ಉಣ್ಣುತ್ತಿದ್ದರೆಂದು ತಿಳಿಯಬಹುದು ಎಂದು ಹೇಳಿಕೊಂಡು ಬಂದವಳು ನಾನು. ನಮ್ಮ ಮನೆಯ ಉತ್ಖನನ ಹೀಗಾದೀತೆಂದು ತಿಳಿದಿರಲಿಲ್ಲ!

ಆದರೆ ಗುಂಡಿ ತೋಡಿಸುವ ಬುದ್ಧಿ ನನಗೆ ತಾನಾಗಿ ಬಂದದ್ದಲ್ಲ. ಅದರ ಹಿಂದೆ ಒಂದು ಸಂಗತಿಯಿದೆ. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ.

ಎಂಟನೆಯ ತರಗತಿಗೆ ಇತಿಹಾಸದ ಆಧಾರಗಳು ಎಂಬ ಪಾಠ ಮಾಡುವಾಗ, "ನಿಮ್ಮ ಮನೆಯಲ್ಲಿರುವ ಹಳೆಯ ಕಾಲದ ಒಂದು ವಸ್ತುವನ್ನು ತನ್ನಿ" ಎಂದು ಮಕ್ಕಳಿಗೆ ಹೇಳುವುದು ನನ್ನ ರೂಢಿ. ಆ ವರ್ಷ ಒಬ್ಬ ಹುಡುಗ ತಾತನ ಪಡಿತರ ಚೀಟಿ ತಂದ. ಇನ್ನೊಬ್ಬಳು ಚಟಾಕು, ಪಾವು, ಸೇರಿನ ಅಳತೆಗಳನ್ನು ತಂದಳು. ಕೊನೆಯ ಬೆಂಚಿನ ಒಬ್ಬ ಹುಡುಗಿ ಬಟ್ಟೆಯಲ್ಲಿ ಸುತ್ತಿ ತಂದದ್ದು ಹಳೆಯ ಗೋಲಿ ಸೋಡಾ ಶೀಶೆ. ಕತ್ತಿನಲ್ಲಿ ಗೋಲಿ ಇನ್ನೂ ಇತ್ತು. "ಎಲ್ಲಿಂದ ತಂದೆಯಮ್ಮ?" ಎಂದೆ. "ಅಮ್ಮಂಗೆ ಕಸದಲ್ಲಿ ಸಿಕ್ತು ಮಿಸ್" ಎಂದಳು. ಮಕ್ಕಳು ಕಿಸಕ್ಕನೆ ನಕ್ಕರು. ಅವಳ ತಾಯಿ ಬೆಳಿಗ್ಗೆ ಕಸದ ಗಾಡಿಯ ಜೊತೆ ಬೀದಿ ಬೀದಿ ತಿರುಗಿ, ಆಮೇಲೆ ಒಣಕಸ ವಿಂಗಡಿಸುವ ಶೆಡ್ಡಿನಲ್ಲಿ ಕೆಲಸ ಮಾಡುವಾಕೆ.

ಮಕ್ಕಳ ನಗು ನಿಲ್ಲಿಸಲು ನಾನು ಅಂದಿನ ಪೂರ್ತಿ ಪೀರಿಯಡ್ಡನ್ನು ಆ ಶೀಶೆಗೇ ಕೊಟ್ಟೆ. 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ಕಂಡುಹಿಡಿದದ್ದು ಇದು. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಮೇಲಕ್ಕೆ ತಳ್ಳಿ ಕತ್ತಿನ ರಬ್ಬರ್ ಉಂಗುರಕ್ಕೆ ಅದುಮಿ ಹಿಡಿಯುತ್ತದೆ. ಬೇರೆ ಮುಚ್ಚಳವೇ ಬೇಡ. ಎಸೆಯುವುದಕ್ಕೆ ಅದರಲ್ಲಿ ಏನೂ ಇಲ್ಲ. ಕುಡಿದವರು ಶೀಶೆಯನ್ನು ಅಲ್ಲೇ ಅಂಗಡಿಯವನ ಕೈಗೆ ಕೊಟ್ಟು ಹೋಗಬೇಕು; ಅದು ತೊಳೆದು, ತುಂಬಿ, ಮತ್ತೆ ಬರುತ್ತದೆ. ಒಂದೇ ಶೀಶೆಯಲ್ಲಿ ಅಪ್ಪನೂ ಮಗನೂ ಸೋಡಾ ಕುಡಿದಿರಬಹುದು ಎಂದೆ. ಹುಡುಗಿಯ ಮುಖ ಅರಳಿತು.

ಮುಂದಿನ ವಾರ ಪೋಷಕರ ಸಭೆ. ಆ ಹುಡುಗಿಯ ತಾಯಿ ಬಂದರು. ಬಲಗೈಗೆ ದಪ್ಪನೆಯ ಬ್ಯಾಂಡೇಜು. "ಏನಾಯ್ತಮ್ಮ?" ಎಂದೆ.

"ಅಯ್ಯೋ ಬುಡಿ ಮೇಡಂ, ಇದೆಲ್ಲ ಇದ್ದಿದ್ದೇಯ. ಯಾರೋ ಒಡ್ದೋದ ಉಪ್ಪಿನಕಾಯಿ ಶೀಸೇನ ಅನ್ನ ಸಾರಿನ ಜತೇಲೇ ಕವರಿಗೆ ಕಟ್ಟಿ ಹಾಕ್ಬುಟ್ಟವ್ರೆ. ಗಂಟು ಬಿಚ್ಚಕ್ ಹೋದೆ, ಕುಯ್ಕಂಡ್ ಬುಡ್ತು. ಮೂರು ಹೊಲಿಗೆ. ಒಳಗ್ ಗಾಜದೆ ಅಂತ ಕವರಿನ ಮೇಲೇನಾದ್ರೂ ಬರ್ದಿರ್ತದಾ?"

ಯಾವ ಬೀದಿ ಎಂದು ಕೇಳುವ ಮೊದಲೇ ನನ್ನ ಎದೆ ಧಸಕ್ಕೆಂದಿತ್ತು. ಆಕೆ ಹೇಳಿದ್ದು ನಮ್ಮ ಬೀದಿಯನ್ನೇ. ಅದರ ಹಿಂದಿನ ಭಾನುವಾರ ಮಿಡಿ ಮಾವಿನಕಾಯಿಯ ಶೀಶೆ ನನ್ನ ಕೈಜಾರಿ ಒಡೆದಿತ್ತು. ಉಪ್ಪಿನಕಾಯಿ ಹಾಳಾಯಿತಲ್ಲ ಎಂಬ ಸಂಕಟದಲ್ಲಿ ಗಾಜು, ಎಣ್ಣೆ, ಮಿಡಿ ಎಲ್ಲವನ್ನೂ ಬಳಿದು, ರಾತ್ರಿಯ ಉಳಿದ ಸಾರನ್ನವನ್ನೂ ಅದರ ಮೇಲೆ ಸುರಿದು, ನೊಣ ಮುತ್ತಬಾರದೆಂದು ಎರಡು ಗಂಟು ಹಾಕಿ ಇಟ್ಟವಳು ನಾನೇ. ಅಂದು ಆಕೆಗೆ ನಾನು ಏನೂ ಹೇಳಲಿಲ್ಲ. ಮಗಳ ಅಂಕಪಟ್ಟಿಗೆ ಆಕೆ ಎಡಗೈಯಲ್ಲಿ ಸಹಿ ಮಾಡುವುದನ್ನು ನೋಡುತ್ತ ಕೂತಿದ್ದೆ.

ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ನಮ್ಮಮ್ಮನ ಕೈಯಲ್ಲಿ ಇಂಥದ್ದು ಆಗುತ್ತಿತ್ತೇ? ಆಕೆ ನಾಲ್ಕನೆಯ ತರಗತಿ ಓದಿದವಳು. ನಾನು ಬಿ.ಎ., ಬಿ.ಎಡ್.

ಹೊಳೆನರಸೀಪುರದ ನಮ್ಮ ಮನೆಯಲ್ಲಿ 1970ರ ದಶಕದಲ್ಲಿ ಕಸದ ಬುಟ್ಟಿ ಎಂಬ ವಸ್ತುವೇ ಇರಲಿಲ್ಲವೆಂದರೆ ಈಗಿನ ಹುಡುಗಿಯರು ನಂಬುವುದಿಲ್ಲ. ಗುಡಿಸಿದ ಕಸಕ್ಕೆ ಮೊರ, ಹಿತ್ತಿಲಲ್ಲಿ ತಿಪ್ಪೆ, ಅಷ್ಟೇ. ಅಂಗಡಿಯಿಂದ ಬರುತ್ತಿದ್ದುದರ ಮೇಲೆ ಎಸೆಯುವಂಥ ಹೊದಿಕೆಯೇ ಇರುತ್ತಿರಲಿಲ್ಲ. ಎಣ್ಣೆಗೆ ನಮ್ಮದೇ ಶೀಶೆ, ಕತ್ತಿಗೆ ಹಗ್ಗ ಕಟ್ಟಿ ನೇತುಹಾಕಿಕೊಂಡು ಹೋಗುತ್ತಿದ್ದೆವು. ಬೇಳೆ ಬೆಲ್ಲಗಳನ್ನು ಶೆಟ್ಟರು ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಮೇಲಿನಿಂದ ಇಳಿಬಿಟ್ಟ ದಾರದ ಉಂಡೆಯಿಂದ ಸರ್ರನೆ ಎಳೆದು ಸುತ್ತುತ್ತಿದ್ದರು. ಆ ದಾರವನ್ನು ಅಮ್ಮ ಬಿಚ್ಚಿ ಉಂಡೆ ಮಾಡಿಟ್ಟು ಹೂ ಕಟ್ಟಲು ಬಳಸುತ್ತಿದ್ದಳು. ಪೇಪರು ಒಲೆ ಹೊತ್ತಿಸಲು. ಬೆಣ್ಣೆ ಬಾಳೆಲೆಯಲ್ಲಿ, ಹೂವು ಮುತ್ತುಗದ ಎಲೆಯಲ್ಲಿ. ಎರಡೂ ಸಂಜೆಗೆ ಹಸುವಿನ ಹೊಟ್ಟೆಗೋ ತಿಪ್ಪೆಗೋ ಸೇರುತ್ತಿದ್ದವು.

ಡಬ್ಬ ಬಂದರಂತೂ ಹಬ್ಬ. 1937ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಡಾಲ್ಡಾ, ಅಡಿಗೆಗಿಂತ ತನ್ನ ಡಬ್ಬದಿಂದಲೇ ನಮ್ಮ ತಾಯಂದಿರ ಮನಸ್ಸು ಗೆದ್ದಿತೆಂದು ನನ್ನ ಗುಮಾನಿ. ಹಳದಿ ಡಬ್ಬದ ಮೇಲಿನ ತಾಳೆಮರ ಸವೆಯುವವರೆಗೆ ಅದರಲ್ಲಿ ಹುರಿಗಡಲೆ. ಸವೆದ ಮೇಲೆ ಬಚ್ಚಲಿಗೆ. ತಳ ತೂತಾದ ಮೇಲೆ ದೊಡ್ಡಪತ್ರೆ ಗಿಡಕ್ಕೆ ಕುಂಡ. ಸೀಮೆಎಣ್ಣೆ ಡಬ್ಬ ನೀರು ಹೊರುತ್ತಿತ್ತು. ಹಾರ್ಲಿಕ್ಸ್ ಶೀಶೆಗಳು ಅಟ್ಟಣಿಗೆಯ ಮೇಲೆ ಸಾಲಾಗಿ ನಿಂತು ಮನೆಯ ಅಂತಸ್ತನ್ನು ಸಾರುತ್ತಿದ್ದವು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಗದ ಹೊರತು ಹಾರ್ಲಿಕ್ಸ್ ಬರುತ್ತಿರಲಿಲ್ಲವಾದ್ದರಿಂದ, ಯಾವ ಶೀಶೆ ಯಾರ ಟೈಫಾಯಿಡಿನದು ಎಂದು ಅಮ್ಮ ಹೇಳಬಲ್ಲವಳಾಗಿದ್ದಳು.

ಇಷ್ಟಾದ ಮೇಲೂ ಮಿಕ್ಕದ್ದಕ್ಕೆ ಸೈಕಲ್ಲಿನ ಹಿಂದೆ ಗೋಣಿ ಕಟ್ಟಿಕೊಂಡು ಖಾಲಿ ಶೀಶೆ, ಪೇಪರ್ ಎಂದು ಕೂಗುತ್ತ ಬರುವ ಗುಜರಿ ಸಾಬರು ಇದ್ದರು. ಅವರ ತಕ್ಕಡಿಯ ಬಗ್ಗೆ ಅಮ್ಮನಿಗೆ ಸದಾ ಅನುಮಾನ. ಒಂದು ಕೇಜಿ ಪೇಪರಿಗೆ ಅರ್ಧ ಗಂಟೆ ಜಗಳವಾಡಿ, ಕೊನೆಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು. ಆದರೆ ಅಮ್ಮ ಒಡೆದ ಗಾಜನ್ನು ಮಾತ್ರ ಯಾವತ್ತೂ ಬೇರೆ ಏನರ ಜೊತೆಯೂ ಸೇರಿಸುತ್ತಿರಲಿಲ್ಲ. ತೆಂಗಿನ ಚಿಪ್ಪಿನಲ್ಲಿ ಆಯ್ದು ಹಾಕಿ, ಪೇಪರು ಸುತ್ತಿ, ಗೂಡಿನಲ್ಲಿಟ್ಟು, ಸಾಬರ ಕೈಗೆ ತಾನೇ ಕೊಟ್ಟು "ನೋಡ್ಕೊಳಪ್ಪಾ, ಗಾಜಿದೆ" ಎನ್ನುತ್ತಿದ್ದಳು. ಅವಳ ಕಸಕ್ಕೆ ತೆಗೆದುಕೊಳ್ಳುವ ಒಂದು ಮುಖವಿತ್ತು. ನನ್ನ ಕಸಕ್ಕೆ ಅದು ಇರಲಿಲ್ಲ.

ಹಾಗೆಂದು ಹಿಂದಿನದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಹುಳು ಹಿಡಿದ ಬೇಳೆ, ಕಲ್ಲು ಬೆರೆತ ಅಕ್ಕಿ, ಕಲಬೆರಕೆ ಎಣ್ಣೆಗಳನ್ನು ತಿಂದು ಬೆಳೆದವರು ನಾವು. ವರ್ತನೆ ಹಾಲಿನವಳು ಹಾಲಿಗೆ ಎಷ್ಟು ನೀರು ಬೆರೆಸಿದ್ದಾಳೆಂಬ ಚರ್ಚೆಯಿಲ್ಲದೆ ನಮ್ಮ ಬೆಳಗಾಗುತ್ತಿರಲಿಲ್ಲ. ಪೊಟ್ಟಣ, ಪ್ಯಾಕೆಟ್ಟುಗಳು ಸುಮ್ಮನೆ ಬರಲಿಲ್ಲ. ಅವಕ್ಕೂ ಕಾರಣವಿತ್ತು. ಹಾಲಿನ ಕತೆಯನ್ನೇ ನೋಡಿ.

ಬೆಂಗಳೂರು ಡೇರಿ 1965ರಲ್ಲಿ ಶುರುವಾಯಿತು. ಬೇಸಿಗೆ ರಜೆಗೆ ಬಸವನಗುಡಿಯ ಚಿಕ್ಕಮ್ಮನ ಮನೆಗೆ ಹೋದಾಗ ನಾನು ಮೊದಲ ಬಾರಿ ಶೀಶೆಯ ಹಾಲು ಕಂಡದ್ದು. ದಪ್ಪ ಗಾಜಿನ ಶೀಶೆ, ಬಾಯಿಗೆ ತೆಳ್ಳನೆಯ ಮಿರಮಿರ ತಗಡಿನ ಮುಚ್ಚಳ. ಹೆಬ್ಬೆರಳಿನಿಂದ ಒತ್ತಿದರೆ ಪುಸಕ್ಕನೆ ಒಳಗೆ ಹೋಗುತ್ತಿತ್ತು. ಆ ಮುಚ್ಚಳಕ್ಕೆ ಅಂಟಿದ ಕೆನೆ ನೆಕ್ಕಲು ನಮ್ಮಲ್ಲಿ ಪಾಳಿ. ಚಿಕ್ಕಮ್ಮ ಶೀಶೆಯನ್ನು ತಕ್ಷಣ ತೊಳೆದು ಬೋರಲು ಹಾಕುತ್ತಿದ್ದಳು, ಏಕೆಂದರೆ ಮರುದಿನ ಖಾಲಿ ಶೀಶೆ ಕೊಡದಿದ್ದರೆ ತುಂಬಿದ ಶೀಶೆ ಸಿಗುತ್ತಿರಲಿಲ್ಲ. ತಗಡಿನ ಮುಚ್ಚಳಗಳನ್ನು ದಾರಕ್ಕೆ ಪೋಣಿಸಿ ಸರ ಮಾಡಿ ಗೌರಿಹಬ್ಬದ ಮಂಟಪಕ್ಕೆ ಕಟ್ಟುತ್ತಿದ್ದಳು.

ಶೀಶೆ ಭಾರ. ದಾರಿಯಲ್ಲಿ ಒಡೆಯುತ್ತದೆ. ಖಾಲಿಯನ್ನು ವಾಪಸು ಸಾಗಿಸಬೇಕು, ಬಿಸಿನೀರು, ಕಾಸ್ಟಿಕ್ ಸೋಡಾ ಹಾಕಿ ತೊಳೆಯಬೇಕು. 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಹುಟ್ಟಿತು. ಹಳ್ಳಿ ಹಳ್ಳಿಯ ಸಂಘಗಳಿಂದ ಹಾಲು ಹೊಳೆಯಾಗಿ ಹರಿಯತೊಡಗಿದಾಗ, ಅಷ್ಟನ್ನು ಶೀಶೆಯಲ್ಲಿ ಮನೆ ಮನೆಗೆ ಮುಟ್ಟಿಸುವುದು ಆಗದ ಮಾತಾಯಿತು. 1984ರಲ್ಲಿ ಅದೇ ನಿಗಮ ಕರ್ನಾಟಕ ಹಾಲು ಮಹಾಮಂಡಳವಾಯಿತು, ನಂದಿನಿ ಎಂಬ ಹೆಸರು ಮನೆಮಾತಾಯಿತು. ಅಷ್ಟು ಹೊತ್ತಿಗೆ ನಮ್ಮ ಕೈಗೆ ಬಂದದ್ದು ಪಾಲಿಥೀನ್ ಕವರು. ಕೆಲವೇ ಗ್ರಾಂ ತೂಕದ ಆ ಚೀಲ ಅರ್ಧ ಲೀಟರು ಹಾಲನ್ನು ಹೊರುತ್ತದೆ! 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಬೇರೇನನ್ನೋ ಮಾಡಲು ಹೋಗಿ ಪಾತ್ರೆಯ ತಳದಲ್ಲಿ ಬಿಳಿಯ ಮೇಣದಂಥದ್ದು ಅಂಟಿಕೊಂಡಿತಂತೆ, ಅದೇ ಪಾಲಿಥೀನು. ಆ ಕವರಿನಿಂದಾಗಿ ಎಷ್ಟೋ ರೈತ ಹೆಂಗಸರ ಎಮ್ಮೆ ಹಸುಗಳ ಹಾಲು ನಗರ ಮುಟ್ಟಿತು, ಅವರ ಕೈಗೆ ಕಾಸು ಬಂತು. ಅದನ್ನು ಮರೆಯಬಾರದು.

ಮೊದಮೊದಲು ನಾವು ಆ ಕವರನ್ನೂ ಶೀಶೆಯಂತೆಯೇ ಕಂಡೆವು. ನಿಮಗೂ ನೆನಪಿರಬಹುದು: ತೊಳೆದ ಹಾಲಿನ ಕವರುಗಳು ಬಚ್ಚಲ ಗೋಡೆಯ ಬಿಳಿ ಟೈಲ್ಸಿಗೆ ಅಂಟಿಕೊಂಡು ಒಣಗುತ್ತಿದ್ದುದು, ಒಣಗಿದ ಮೇಲೆ ತಾವಾಗಿ ಕೆಳಗುದುರುತ್ತಿದ್ದುದು. ಅವನ್ನು ಪಟ್ಟಿಯಾಗಿ ಕತ್ತರಿಸಿ ಚಾಪೆ, ಬ್ಯಾಗು ಹೆಣೆಯುವ ಹುಚ್ಚು ನಮ್ಮ ಕಾಲೇಜು ದಿನಗಳಲ್ಲಿ ಎಲ್ಲ ಹೆಂಗಸರಿಗೂ ಹಿಡಿದಿತ್ತು. ನನ್ನ ಮದುವೆಗೆ ಬಂದ ಉಡುಗೊರೆಗಳಲ್ಲಿ ಅಂಥ ಒಂದು ತರಕಾರಿ ಚೀಲವೂ ಇತ್ತು. ಮಿಕ್ಕ ಕವರುಗಳನ್ನು ಗುಜರಿಯವರು ತೂಕಕ್ಕೆ ತೆಗೆದುಕೊಳ್ಳುತ್ತಿದ್ದರು.

ಆಮೇಲೆ ಎಲ್ಲವೂ ಒಟ್ಟಿಗೆ ಬಂದವು. 1983ರಲ್ಲಿ ಮ್ಯಾಗಿ, 1985ರಲ್ಲಿ ಫ್ರೂಟಿಯ ಡಬ್ಬಿ, 1993ರಲ್ಲಿ ಕೋಕಾಕೋಲಾ ಮರಳಿ ಬಂತು. ಹಿಂದೆಯೇ ನೀರಿನ ಬಾಟಲಿ, ಚಿಪ್ಸು, ಎರಡು ರೂಪಾಯಿಯ ಕುರುಕಲು. ಮದುವೆಯ ಪಂಕ್ತಿಯಲ್ಲಿ ಜಗ್ಗಿನಿಂದ ನೀರು ಬಡಿಸುವ ಹುಡುಗರು ಮಾಯವಾಗಿ, ಎಲೆಯ ಪಕ್ಕ ಪುಟ್ಟ ಬಾಟಲಿಗಳು ಕೂತವು. ನನಗೂ ಕೆಲಸ, ಸಂಬಳ, ಇಬ್ಬರು ಮಕ್ಕಳ ಟಿಫನ್ ಡಬ್ಬಿಯ ಅವಸರ. ಕವರು ತೊಳೆಯುವುದು ಯಾವತ್ತು ನಿಂತಿತೆಂದು ನನಗೆ ನೆನಪಿಲ್ಲ. ತರಕಾರಿ ತಂದ ಕ್ಯಾರಿಬ್ಯಾಗಿಗೆ ಎಲ್ಲವನ್ನೂ ತುರುಕಿ ಗಂಟು ಹಾಕಿ ಬೀದಿಯ ಮೂಲೆಗೆ ಹಾಕುವುದು ರೂಢಿಯಾಯಿತು. ಬಾಳೆಹಣ್ಣಿನ ಸಿಪ್ಪೆಯ ವಾಸನೆಗೆ ಹಸುಗಳು ಗಂಟಿನ ಸಮೇತ ಚೀಲವನ್ನು ನುಂಗುತ್ತಿದ್ದವು. ನಾವು ಅದೇ ಹಸುಗಳಿಗೆ ಶುಕ್ರವಾರ ಅರಿಶಿನ ಕುಂಕುಮ ಹಚ್ಚುತ್ತಿದ್ದೆವು.

ಊರ ಕಸವನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಕೋರ್ಟಿಗೆ ಒಯ್ದವರೂ ಒಬ್ಬ ಹೆಂಗಸೇ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದರ ಫಲವಾಗಿ 2000ದಲ್ಲಿ ಇಡೀ ದೇಶಕ್ಕೆ ನಗರಗಳ ಘನತ್ಯಾಜ್ಯದ ನಿಯಮಗಳು ಬಂದವು. ಕ್ಯಾರಿಬ್ಯಾಗಿನ ದಪ್ಪಕ್ಕೂ ನಿಯಮ ಬಂತು: 1999ರಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರಿನಿಂದ 75, 2022ರ ಕೊನೆಗೆ 120. ಪಾಸಾಗುವ ಅಂಕ ಏರಿಸುತ್ತ ಹೋದ ಹಾಗೆ! ಕರ್ನಾಟಕ 2016ರ ಮಾರ್ಚಿನಲ್ಲಿ ಕ್ಯಾರಿಬ್ಯಾಗನ್ನೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ಕಿನ ಸ್ಟ್ರಾ, ಚಮಚ, ತಟ್ಟೆ, ಲೋಟಗಳು ನಿಂತವು. ಹಾಲಿನ ಕವರು, ಚಿಪ್ಸಿನ ಪ್ಯಾಕೆಟ್ಟು, ನೀರಿನ ಬಾಟಲಿ ಆ ಪಟ್ಟಿಯಲ್ಲಿ ಇರಲಿಲ್ಲ. ಅವು ನಮ್ಮ ಅಡಿಗೆಮನೆಯಲ್ಲೇ ಉಳಿದವು.

ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ತಮ್ಮೂರಿನಲ್ಲಿ ಸುರಿಸಿಕೊಂಡ ಮಂಡೂರಿನ ಜನ ಸಾಕೆಂದು ರಸ್ತೆಗಿಳಿದದ್ದು, 2014ರ ಕೊನೆಗೆ ಅಲ್ಲಿಗೆ ಲಾರಿಗಳು ನಿಂತದ್ದು ನಿಮಗೆ ಗೊತ್ತೇ ಇದೆ. ನಮ್ಮ ಮೈಸೂರು 2015ರಲ್ಲೂ 2016ರಲ್ಲೂ ದೇಶದ ಅತ್ಯಂತ ಸ್ವಚ್ಛ ನಗರವೆಂದು ಹೆಸರು ಮಾಡಿದಾಗ ಶಾಲೆಯಲ್ಲಿ ಸಿಹಿ ಹಂಚಿದೆವು. ಆದರೆ ವಿದ್ಯಾರಣ್ಯಪುರದ ಸೂಯೇಜ್ ಫಾರಂ ಪಕ್ಕದಲ್ಲಿ ಮನೆ ಮಾಡಿದ್ದ ನಮ್ಮ ಸಹೋದ್ಯೋಗಿಯೊಬ್ಬರು ಆ ಸಿಹಿ ತಿನ್ನುತ್ತ, "ಗಾಳಿ ನಮ್ಮ ಕಡೆ ಬೀಸಿದ ದಿನ ಬನ್ನಿ, ತೋರಿಸ್ತೀನಿ" ಎಂದಿದ್ದರು. ಹಸಿಕಸ, ಒಣಕಸ, ಅಪಾಯದ ಕಸ ಮೂರನ್ನೂ ಮನೆಯಲ್ಲೇ ಬೇರೆ ಮಾಡಬೇಕೆಂದು 2016ರ ಕೇಂದ್ರ ನಿಯಮ ಹೇಳಿತು. ನಾನು ಇದನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಮನೆಯಲ್ಲಿ ಮಾತ್ರ ಉಪ್ಪಿನಕಾಯಿ ಗಾಜಿಗೆ ಸಾರನ್ನ!

ಪೋಷಕರ ಸಭೆಯಾದ ಮೇಲೆ ಎರಡು ವಾರ ತಡೆದುಕೊಂಡೆ. ಆಮೇಲೆ ಒಂದು ಶನಿವಾರ ಆ ಒಣಕಸದ ಶೆಡ್ಡಿಗೇ ಹೋದೆ. ಆಕೆ ಬ್ಯಾಂಡೇಜು ಬಿಚ್ಚಿದ್ದರು. ನಾನು ಹೇಳಿಬಿಟ್ಟೆ, "ನೋಡಮ್ಮಾ, ಆ ಶೀಶೆ ನಮ್ಮನೆಯದು" ಎಂದು.

ಆಕೆ ಕೈಯಲ್ಲಿದ್ದ ಬಾಟಲಿಯನ್ನು ಗುಡ್ಡೆಗೆ ಎಸೆದು, "ಗೊತ್ತಿತ್ತು ಬುಡಿ ಮೇಡಂ. ಮಿಡಿ ಉಪ್ಪಿನಕಾಯಿ ಹಾಕೋರು ಆ ಬೀದೀಲಿ ಎಷ್ಟು ಮನೆ ಅವೆ?" ಎಂದರು.

ನಾನು ನಿಂತಲ್ಲೇ ನಿಂತೆ. "ಮತ್ತೆ ಅವತ್ತು ಯಾಕಮ್ಮ ಹೇಳಲಿಲ್ಲ?"

"ಮಗಳ ಮೇಡಂಗೆ ಹೆಂಗ್ ಹೇಳ್ಳಿ?"

ಕೂರಲು ಒಂದು ರಟ್ಟಿನ ಕಟ್ಟನ್ನು ಎಳೆದು ಕೊಟ್ಟರು. ಅಂದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ನಾನು ವಿದ್ಯಾರ್ಥಿನಿ. ಅಲ್ಲಿ ಕಲಿತದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನೂ ಕೂಡಿಸಿ ನಿಮಗೆ ಹೇಳುತ್ತೇನೆ.

ಹಾಲಿನ ಕವರು ಆ ಶೆಡ್ಡಿನಲ್ಲಿ ಒಳ್ಳೆಯ ಮಾಲು. ಒಂದೇ ಜಾತಿಯ ಪ್ಲಾಸ್ಟಿಕ್ಕು, ಕರಗಿಸಿದರೆ ಕಾಳಾಗುತ್ತದೆ, ಕಾಳಿನಿಂದ ಪೈಪು, ದಪ್ಪ ಹಾಳೆಗಳಾಗುತ್ತವೆ. ಆದರೆ ತೊಳೆಯದೆ ಹಾಕಿದ ಕವರಿನಲ್ಲಿ ಮರುದಿನವೇ ಹಾಲು ಹುಳಿತು ನಾರುತ್ತದೆ, ಹುಳು ಬೀಳುತ್ತದೆ, ಇಲಿ ಬರುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ ಆ ಒಂದು ಕವರು ಪಕ್ಕದ ಹತ್ತು ಕೇಜಿ ಪೇಪರನ್ನು ಒದ್ದೆ ಮಾಡಿ ಕೆಡಿಸುತ್ತದೆ. ಕೊಳೆತ ಮಾಲಿಗೆ ವ್ಯಾಪಾರಿ ಅರ್ಧ ಬೆಲೆ ಕಟ್ಟುತ್ತಾನೆ, ಇಲ್ಲವೇ ಬೇಡವೆನ್ನುತ್ತಾನೆ. ತೊಳೆಯುವುದೆಂದರೆ ಸೋಪು ಹಾಕಿ ತಿಕ್ಕುವುದಲ್ಲ. ಒಂದು ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಸಾರಿಗೋ ಹಿಟ್ಟಿಗೋ ಗಿಡಕ್ಕೋ ಹಾಕಿ, ಕವರನ್ನು ಬೋರಲು ನೇತುಹಾಕಿದರೆ ಸಾಕು. ನೀರು ದಂಡವಾಗುತ್ತದೆಂದು ಗೊಣಗುತ್ತಿದ್ದ ನಮ್ಮ ಅತ್ತೆಯವರಿಗೂ ಇದು ಒಪ್ಪಿಗೆಯಾಯಿತು.

ಮೂಲೆಯ ಸಂಗತಿಯನ್ನು ಹೇಳಿದ್ದೂ ಆಕೆಯೇ. "ಕವರು ನಮ್ ಕೈಗೆ ಸಿಗ್ತದೆ ಮೇಡಂ, ಮೂಲೆ ಸಿಗಕ್ಕಿಲ್ಲ." ಅಷ್ಟು ಸಣ್ಣ ಚೂರನ್ನು ಯಾರೂ ಆಯಲಾರರು. ಅದು ಚರಂಡಿ, ಹೊಳೆ, ಮಣ್ಣು ಸೇರುತ್ತದೆ. ಆದ್ದರಿಂದ ಕತ್ತರಿಸುವಾಗ ಚೂರು ಪೂರ್ತಿ ಬೇರೆಯಾಗದೆ ಕವರಿಗೇ ನೇತಾಡುವಂತೆ ಒಂದು ಸೀಳು ಕೊಟ್ಟರೆ ಮುಗಿಯಿತು. ಹಾಲು ಅಷ್ಟೇ ಚೆನ್ನಾಗಿ ಸುರಿಯುತ್ತದೆ.

ಬಾಟಲಿಯ ಬಗ್ಗೆ ನನಗಿದ್ದ ಅಜ್ಞಾನ ಇನ್ನೂ ದೊಡ್ಡದು. ಬಾಟಲಿಯೊಂದು ಜಾತಿ, ಮುಚ್ಚಳವೊಂದು ಜಾತಿ. ಚೂರು ಮಾಡಿ ನೀರಿಗೆ ಹಾಕಿದರೆ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ. ಕಾರ್ಖಾನೆಯವರು ಹೀಗೆಯೇ ಬೇರೆ ಮಾಡುವುದಂತೆ. ಶಾಲೆಯ ಬಕೆಟ್ಟಿನಲ್ಲಿ ಮಾಡಿ ತೋರಿಸಿದೆ, ಮಕ್ಕಳಿಗೆ ಜಾದೂ ಕಂಡಷ್ಟು ಸಂತೋಷ. ಆ ಬಾಟಲಿಯಿಂದ ನೂಲು ತೆಗೆದು ಬಟ್ಟೆ ಮಾಡುತ್ತಾರೆ. ನಾವು ಮಾಡಬೇಕಾದ್ದು ಉಳಿದ ಪಾನಕ ಚೆಲ್ಲಿ, ತೊಳೆದು, ಅಮುಕಿ ಚಪ್ಪಟೆ ಮಾಡುವುದು.

ಬಾಟಲಿಯ ತಳದಲ್ಲಿ ಮೂರು ಬಾಣಗಳ ತ್ರಿಕೋನವೂ ಅದರೊಳಗೆ ಒಂದು ಅಂಕಿಯೂ ಇರುತ್ತದಲ್ಲ, ಅದಿದ್ದರೆ ಮರುಬಳಕೆಯಾಗಿಯೇ ಆಗುತ್ತದೆಂದು ನಾನು ನಂಬಿದ್ದೆ. ಆ ಬಾಣಗಳ ಚಿತ್ರವನ್ನು 1970ರಲ್ಲಿ ಗ್ಯಾರಿ ಆಂಡರ್‌ಸನ್ ಎಂಬ ಅಮೆರಿಕದ ವಿದ್ಯಾರ್ಥಿ ಒಂದು ಸ್ಪರ್ಧೆಗಾಗಿ ಬರೆದದ್ದು. 1988ರಲ್ಲಿ ಅಲ್ಲಿಯ ಪ್ಲಾಸ್ಟಿಕ್ ಉದ್ಯಮದವರು ಅದೇ ಬಗೆಯ ತ್ರಿಕೋನದೊಳಗೆ ಅಂಕಿ ಬರೆದರು. ಅಂಕಿ ಹೇಳುವುದು ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನಷ್ಟೇ. 1 ಎಂದರೆ ನೀರಿನ ಬಾಟಲಿಯದು, 2 ದಪ್ಪ ಡಬ್ಬಗಳದು, 4 ಹಾಲಿನ ಕವರಿನಂಥದು, 5 ಊಟದ ಪಾರ್ಸೆಲ್ ಡಬ್ಬಿಯದು. ಅದನ್ನು ಕೊಳ್ಳುವವರು ನಮ್ಮೂರಿನಲ್ಲಿದ್ದಾರೋ ಇಲ್ಲವೋ ಎಂಬುದನ್ನು ತ್ರಿಕೋನ ಹೇಳುವುದಿಲ್ಲ.

ಕೊಳ್ಳುವವರಿಲ್ಲದ ಮಾಲೆಂದರೆ ಚಿಪ್ಸಿನ ಪ್ಯಾಕೆಟ್ಟು. ಒಳಗೆ ಬೆಳ್ಳಿಯಂತೆ ಹೊಳೆಯುವುದು ಅಲ್ಯೂಮಿನಿಯಮ್ಮಿನ ಲೇಪ. ಅದರ ಹಿಂದೆ ಮುಂದೆ ಪ್ಲಾಸ್ಟಿಕ್ ಪದರಗಳು. ಒಂದರಿಂದೊಂದನ್ನು ಬಿಡಿಸಲು ಸುಲಭವಿಲ್ಲ. ಶೆಡ್ಡಿನ ಅತಿ ದೊಡ್ಡ ಗುಡ್ಡೆ ಅದೇ, ಅತಿ ಕಡಿಮೆ ಕಾಸೂ ಅದಕ್ಕೇ. ಹೆಚ್ಚಿನದು ಸಿಮೆಂಟು ಕಾರ್ಖಾನೆಗಳ ಕುಲುಮೆಗೆ ಉರುವಲಾಗಿ ಹೋಗುತ್ತದೆ. ಅದಕ್ಕೂ ಒಣಗಿರಬೇಕು. ಹಣ್ಣಿನ ರಸದ ರಟ್ಟಿನ ಡಬ್ಬಿ ಹಾಗಲ್ಲ. ಅದರಲ್ಲಿ ಮುಕ್ಕಾಲು ಪಾಲು ಕಾಗದ, ಮಿಕ್ಕದ್ದು ಪ್ಲಾಸ್ಟಿಕ್ಕು, ಒಂದಿಷ್ಟು ಅಲ್ಯೂಮಿನಿಯಂ. ನೀರಿನಲ್ಲಿ ಕಲಸಿದರೆ ಕಾಗದದ ನಾರು ಬಿಡುತ್ತದೆ. ನಾಲ್ಕು ಕಿವಿಗಳನ್ನು ಬಿಡಿಸಿ, ತೊಳೆದು, ಚಪ್ಪಟೆ ಮಾಡಿ ಕೊಡಬೇಕು. ಕಾಗದದ ಕಾಫಿ ಲೋಟವನ್ನು ಪೇಪರಿನ ಜೊತೆ ಹಾಕಬಾರದು. ಒಳಗೆ ಪ್ಲಾಸ್ಟಿಕ್ ಅಂಟಿರುತ್ತದೆ. ಎಣ್ಣೆ ಹತ್ತಿದ ಪಿಜ್ಜಾ ರಟ್ಟಿನಲ್ಲಿ ಎಣ್ಣೆಯ ಭಾಗ ಹರಿದು ಗೊಬ್ಬರದ ಗುಂಡಿಗೆ, ಮಿಕ್ಕದ್ದು ರಟ್ಟಿಗೆ.

ಅಡಿಗೆ ಎಣ್ಣೆಯ ಪ್ಯಾಕೆಟ್ಟಿಗೆ ಮಾತ್ರ ಆಕೆಯೂ ನಾನೂ ಸೋತಿದ್ದೆವು, ತೊಳೆದಷ್ಟೂ ಜಿಡ್ಡು. ಪರಿಹಾರ ಹೇಳಿದವರು ನಮ್ಮ ಅತ್ತೆಯವರು. ಪ್ಯಾಕೆಟ್ಟನ್ನು ಪೂರ್ತಿ ಸೀಳಿ, ಒಳಮೈಗೆ ಚಪಾತಿಯ ಹಿಟ್ಟನ್ನೇ ಒತ್ತಿ ಒರೆಸಿ ತೆಗೆಯುವುದು. ಎಣ್ಣೆಯೂ ದಂಡವಿಲ್ಲ, ಕವರೂ ಒಣ. ಮರುವಾರ ಆಕೆಗೆ ಹೇಳಿದೆ. "ನಿಮ್ಮತ್ತೇನ ಇಲ್ಲಿಗೇ ಕಳ್ಸಿ ಮೇಡಂ" ಎಂದು ನಕ್ಕರು.

ಗಾಜಿಗೆ ಈಗ ನಮ್ಮಲ್ಲಿ ಅಮ್ಮನ ಪದ್ಧತಿಯೇ. ಇಡೀ ಶೀಶೆಗಳು ತೊಳೆದು ಬೇರೆ. ಒಡೆದದ್ದು ರಟ್ಟಿನ ಡಬ್ಬಿಯಲ್ಲಿ, ಮೇಲೆ ಕೆಂಪು ಶಾಯಿಯಲ್ಲಿ ಗಾಜು ಎಂದು ದಪ್ಪಗೆ ಬರೆದು, ಗಾಡಿ ಬಂದಾಗ ಕೈಗೇ ಕೊಡುವುದು. ಮೂವತ್ತು ವರ್ಷ ಮಕ್ಕಳ ಉತ್ತರ ತಿದ್ದಿದ ಕೆಂಪು ಪೆನ್ನು ಇದಕ್ಕೂ ಒದಗಿತು.

ಇದೆಲ್ಲ ಶುರುವಾಗಿ ಮೂರು ವರ್ಷವಾಗುತ್ತ ಬಂತು. ಆ ಹುಡುಗಿ ಈಗ ಪಿಯುಸಿಯಲ್ಲಿ ಇತಿಹಾಸ ತೆಗೆದುಕೊಂಡಿದ್ದಾಳೆ. ಅವಳ ಗೋಲಿ ಸೋಡಾ ಶೀಶೆ ನಮ್ಮ ಶಾಲೆಯ ಬೀರುವಿನಲ್ಲಿ ಹರಪ್ಪದ ಚಾರ್ಟಿನ ಪಕ್ಕದಲ್ಲಿದೆ. ಅದರ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿಯಲ್ಲಿ, ನಮ್ಮ ಹಿತ್ತಿಲಿನಿಂದ ಆಯ್ದ ತ್ರಿಕೋನಗಳು. ಇನ್ನೂರ ಹನ್ನೊಂದರವರೆಗೆ ಎಣಿಸಿ ಬಿಟ್ಟೆ.

ನಮ್ಮ ಯಜಮಾನರು ಸೀಳುವುದನ್ನು ಕಲಿಯಲು ಆರು ತಿಂಗಳು ತೆಗೆದುಕೊಂಡರು. ಮೊನ್ನೆ ಮಂಗಳವಾರ ಗಾಡಿ ಬಂದಾಗ ನಾನು ಒಣಕಸದ ಚೀಲವನ್ನು ಹೆಮ್ಮೆಯಿಂದಲೇ ಕೊಟ್ಟೆ. ಆಕೆ ಚೀಲಕ್ಕೆ ಕೈಹಾಕಿ ಒಂದು ಮೊಸರಿನ ಕವರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ತಳದಲ್ಲಿ ಒಂದೆರಡು ತೊಟ್ಟು ನೀರಿತ್ತು.

"ಇದು ವಸಿ ಒಣಗ್ಲಿ ಮೇಡಂ, ಮುಂದಿನ್ ಸಲ ಕೊಡಿ" ಎಂದು ಕವರನ್ನು ನನ್ನ ಕೈಗೇ ವಾಪಸು ಕೊಟ್ಟು, ಗಾಡಿ ಹತ್ತಿದರು.